ಹೋಸ್ಟ್ಸ್ ಫೈಲ್: ಪೂರ್ತಿ ಬದಲಿಸುವುದೋ, ನಾಲ್ಕು ಸಾಲು ಸೇರಿಸುವುದೋ?

ಯಾವ ಸೈಟಿನ ಹೆಸರಿಗೆ ಯಾವ ವಿಳಾಸ ಎಂದು ಕಂಪ್ಯೂಟರ್ ನೋಡಿಕೊಳ್ಳುವ ಸಣ್ಣ ಪಠ್ಯ ಫೈಲೇ ಹೋಸ್ಟ್ಸ್; ಇದರಲ್ಲಿ ಸುಳ್ಳು ವಿಳಾಸ ಕೊಟ್ಟರೆ ಆ ಸೈಟ್ ತೆರೆಯದು. ಮಕ್ಕಳ ಕಣ್ಣಿಗೆ ಬೀಳಬಾರದ ಎರಡು ಮೂರು ಸೈಟ್ ತಡೆಯಬೇಕಷ್ಟೇ ಎಂದಾದರೆ ಇದನ್ನು ಕೈಯಾರೆ ತಿದ್ದಿ. ವಿಂಡೋಸ್‌ನಲ್ಲಿ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದರಲ್ಲಿ ಈ ಫೈಲ್ ತೆರೆದು, 0.0.0.0 (ಎಲ್ಲಿಗೂ ಹೋಗದ ವಿಳಾಸ) ಬರೆದು, ಜಾಗ ಬಿಟ್ಟು, ಸೈಟಿನ ಹೆಸರು ಹಾಕಿದರೆ ಆಯಿತು. ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಹೆಸರಿಗೆ ಬೇರೆಯದೇ ಸಾಲು ಬೇಕು. ಬೇಡವಾದಾಗ ಸಾಲಿನ ತಲೆಗೆ # ಹಾಕಿದರೆ ಸಾಕು.

ಜಾಹೀರಾತು, ನಮ್ಮ ಓಡಾಟದ ಮೇಲೆ ಕಣ್ಣಿಡುವ ಟ್ರ್ಯಾಕರ್‌ಗಳ ಕಾಟ ತಪ್ಪಿಸಲು ಈ ದಾರಿ ಸಾಲದು. ಈ ಫೈಲಿನಲ್ಲಿ ಪ್ರತಿ ಹೆಸರನ್ನೂ ಬಿಡಿಬಿಡಿಯಾಗಿ ಬರೆಯಬೇಕು. ನಕ್ಷತ್ರ ಚಿಹ್ನೆ ಹಾಕಿ ಒಟ್ಟಿಗೆ ತಡೆಯಲು ಬರುವುದಿಲ್ಲ. ಅದಕ್ಕೇ, ಇಂಥ ಪಟ್ಟಿಗಳನ್ನು ಒಟ್ಟುಗೂಡಿಸಿ ಉಚಿತವಾಗಿ ಕೊಡುವ ಸ್ಟೀವನ್ ಬ್ಲ್ಯಾಕ್ ಅವರದರಂಥ, ಹತ್ತಾರು ಸಾವಿರ ಸಾಲುಗಳ ಸಿದ್ಧ ಫೈಲ್ ತಂದು ಹಾಕುತ್ತಾರೆ. ಐದು ನಿಮಿಷದ ಕೆಲಸ. ಆದರೆ ನೀವು ಮೊದಲು ಬರೆದಿದ್ದ ಸಾಲುಗಳೆಲ್ಲ ಅಳಿಸಿಹೋಗುತ್ತವೆ, ಪಟ್ಟಿ ಹಳತಾಗುತ್ತಲೇ ಇರುತ್ತದೆ. ನನಗಂತೂ ಒಮ್ಮೆ ಹಣ ಪಾವತಿಯ ಪುಟವೇ ತೆರೆಯದೆ, ಯಾವ ಸಾಲು ಅಡ್ಡಬಂತೆಂದು ಹುಡುಕುವಷ್ಟರಲ್ಲಿ ಸಂಜೆಯಾಗಿತ್ತು.

ಯೂಟ್ಯೂಬ್ ಜಾಹೀರಾತು ಎರಡಕ್ಕೂ ಬಗ್ಗದು.

ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಾದರೆ ನನ್ನ ಮತ ಕೈತಿದ್ದುಪಡಿಗೇ. ಸಿದ್ಧ ಪಟ್ಟಿಯೇ ಬೇಕೆಂದರೆ ಹಳೆಯ ಫೈಲಿನ ಒಂದು ನಕಲನ್ನು ಮೊದಲು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.