ಮೈಕ್ರೋಟಿಕ್ ರೌಟರ್: ಯಾರಿಗೆ ಮಾರಬಹುದು, ಯಾರಿಗೆ ಬೇಡ (ದೀರ್ಘಕಾಲದ ಬಳಕೆಯ ವಿಮರ್ಶೆ)

ಲಾಟ್ವಿಯಾದ ರೀಗಾದಲ್ಲಿ 1996ರಲ್ಲಿ ಶುರುವಾದ ಮೈಕ್ರೋಟಿಕ್ ಹೆಸರು ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳಿಗೂ ತಾಲೂಕು ಕೇಂದ್ರಗಳ ಕೇಬಲ್ ಕಂಟ್ರೋಲ್ ರೂಮುಗಳಿಗೂ ಹೊಸದಲ್ಲ. ಅಂಗೈಯಗಲದ ಹೆಕ್ಸ್‌ನಲ್ಲೂ ರ‍್ಯಾಕಿಗೆ ಕೂರಿಸುವ ಸಿಸಿಆರ್‌ನಲ್ಲೂ ಓಡುವುದು ಕಂಪನಿಯ ಒಂದೇ ಸಾಫ್ಟ್‌ವೇರ್, ರೌಟರ್‌ಒಎಸ್. ಸೆಟ್ಟಿಂಗ್ ಮಾಡಲು ಅದೇ ವಿನ್‌ಬಾಕ್ಸ್ ಪ್ರೋಗ್ರಾಂ, ಅದೇ ಮೆನು. ಒಂದು ಕಲಿತರೆ ಎಲ್ಲ ಕಲಿತಂತೆ ಎಂಬ ಧೈರ್ಯದಲ್ಲಿ ಇದೇ ಮಾಲನ್ನು ಬಂದ ಗಿರಾಕಿಗಳಿಗೆಲ್ಲ ದಾಟಿಸುವ ಆಸೆ ಮಾರುವವರಿಗೆ ಹುಟ್ಟುತ್ತದೆ. ಅಲ್ಲೇ ಸರ್ವೀಸ್ ಕಾಲ್‌ಗಳೂ ಹುಟ್ಟುತ್ತವೆ. ಲೈನು ಎಷ್ಟು ಎಂಬಿಪಿಎಸ್ ಎಂದು ಕೇಳುವ ಮೊದಲು, ಆರು ತಿಂಗಳಾದ ಮೇಲೆ ಈ ಪೆಟ್ಟಿಗೆಗೆ ಲಾಗಿನ್ ಆಗುವವರು ಯಾರು ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ಬೇರೆ ಬ್ರ್ಯಾಂಡ್ ತೋರಿಸುವುದು ಇಬ್ಬರಿಗೂ ಕ್ಷೇಮ.

ಕೇಬಲ್ ಆಪರೇಟರುಗಳ ಮಟ್ಟಿಗೆ ನಮ್ಮ ಮೆಚ್ಚುಗೆ ಪೂರ್ತಿ. ಪಿಪಿಪಿಒಇ ಸರ್ವರ್ (ಗ್ರಾಹಕರ ಲಾಗಿನ್), ರೇಡಿಯಸ್ (ಗ್ರಾಹಕರ ಖಾತೆ, ಪ್ಲಾನ್ ನೋಡಿಕೊಳ್ಳುವ ಸರ್ವರಿನ ಜೋಡಣೆ), ಕ್ಯೂ (ವೇಗದ ಮಿತಿ), ನ್ಯಾಟ್ (ಒಂದು ಐಪಿಯನ್ನು ಹಲವರಿಗೆ ಹಂಚುವುದು), ಬಿಜಿಪಿ (ಬೇರೆ ನೆಟ್‌ವರ್ಕ್‌ಗಳೊಂದಿಗೆ ದಾರಿ ವಿನಿಮಯ) ಯಾವುದಕ್ಕೂ ಬೇರೆ ದುಡ್ಡಿಲ್ಲ, ಸಾಫ್ಟ್‌ವೇರ್ ಅಪ್‌ಡೇಟಿಗೆ ವರ್ಷದ ಚಂದಾ ಇಲ್ಲ. ಎಡವುವುದು ಲೈಸೆನ್ಸ್ ಲೆವೆಲ್‌ನಲ್ಲಿ. ಹೆಕ್ಸ್‌ಗೆ ಬರುವುದು ಲೆವೆಲ್ 4, ಅಂದರೆ ಒಮ್ಮೆಗೆ 200 ಪಿಪಿಪಿಒಇ ಸಂಪರ್ಕ. ನಡುವಿನ ಮಾಡೆಲ್‌ಗಳಾದ ಆರ್‌ಬಿ4011 ಮತ್ತು ಆರ್‌ಬಿ5009ಕ್ಕೆ ಲೆವೆಲ್ 5, ಅಂದರೆ 500. ಸಿಸಿಆರ್‌ಗಳಿಗೆ ಲೆವೆಲ್ 6, ಲೈಸೆನ್ಸಿನ ಮಿತಿಯೇ ಇಲ್ಲ. 600 ಮನೆಯ ಆಪರೇಟರಿಗೆ ಆರ್‌ಬಿ5009 ಕೊಟ್ಟರೆ ಹಗಲೆಲ್ಲ ಸರಿಯಾಗಿ ನಡೆದು, ಎಲ್ಲರೂ ಮನೆ ಸೇರುವ ರಾತ್ರಿ ಹೊತ್ತಿಗೆ 501ನೆಯವರಿಗೆ ಲೈನ್ ಹತ್ತುವುದಿಲ್ಲ. ಸಿಪಿಯು ಆರಾಮಾಗಿರುತ್ತದೆ, ರೇಡಿಯಸ್‌ನಲ್ಲೂ ತಪ್ಪು ಕಾಣುವುದಿಲ್ಲ. ಹುಡುಕುವವರು ಒಎಲ್‌ಟಿಯನ್ನು (ಕಂಟ್ರೋಲ್ ರೂಮಿನ ಫೈಬರ್ ಪೆಟ್ಟಿಗೆಯನ್ನು) ಬೈಯುತ್ತ ಕೂರುತ್ತಾರೆ. ಲೆವೆಲ್ 6ರ ಕೀ ಪ್ರತ್ಯೇಕವಾಗಿ ಸಿಗುತ್ತದೆ, ಆದರೆ ಆ ದುಡ್ಡನ್ನೂ ಸೇರಿಸಿ ನೋಡಿದರೆ ಮೊದಲೇ ಸಿಸಿಆರ್ ಕೊಡಬಹುದಿತ್ತು ಅನ್ನಿಸುತ್ತದೆ.

ಎರಡನೆಯ ತಲೆನೋವು ಫಾಸ್ಟ್‌ಟ್ರ್ಯಾಕ್, ಅಂದರೆ ಸಿಪಿಯು ಹೊರೆ ಇಳಿಸಲು ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ದಾಟಿಸುವ ರೂಲ್. ಕಂಪನಿಯ ಡೀಫಾಲ್ಟ್ ಕಾನ್ಫಿಗ್‌ನಲ್ಲಿ ಈ ರೂಲ್ ಇರುತ್ತದೆ. ಇದಕ್ಕೆ ಹೊಂದಿದ ಪ್ಯಾಕೆಟ್‌ಗಳು ಸಿಂಪಲ್ ಕ್ಯೂ ಮುಟ್ಟದೆ ಹಾದುಹೋಗುತ್ತವೆ. ರೇಡಿಯಸ್‌ನಿಂದ 40 ಎಂಬಿಪಿಎಸ್ ಪ್ಲಾನ್ ಬಂದಿರುತ್ತದೆ, ಡೈನಮಿಕ್ ಕ್ಯೂ ಕೂಡ ಕಣ್ಣಿಗೆ ಕಾಣುತ್ತದೆ, ಗ್ರಾಹಕನಿಗೆ ಮಾತ್ರ ಲೈನಿನಲ್ಲಿ ಇರುವಷ್ಟೂ ವೇಗ. ಐಪಿ, ಫೈರ್‌ವಾಲ್, ಫಿಲ್ಟರ್‌ಗೆ ಹೋಗಿ ಆ ರೂಲ್ ನಿಷ್ಕ್ರಿಯ ಮಾಡಿ, ಹಳೆಯ ಕನೆಕ್ಷನ್‌ಗಳನ್ನು ಕಡಿಯಬೇಕು. ಆಗ ಕ್ಯೂ ಕೆಲಸ ಮಾಡುತ್ತದೆ, ಸಿಪಿಯು ಹೊರೆ ಏರುತ್ತದೆ. ಹಾಗಾಗಿ ಮಾಡೆಲ್ ಆರಿಸುವಾಗ ಕಂಪನಿ ಪ್ರಕಟಿಸುವ ಟೆಸ್ಟ್ ಪಟ್ಟಿಯಲ್ಲಿ ಮೇಲಿನ ದೊಡ್ಡ ಅಂಕಿ ಬಿಟ್ಟು, 25 ಫಿಲ್ಟರ್ ರೂಲ್ ಸಾಲಿನ 512 ಬೈಟ್ ಕಾಲಂ ನೋಡಿ. ದಿನಬಳಕೆಗೆ ಹತ್ತಿರದ ಅಂಕಿ ಅದೇ.

ಸಿಸಿಆರ್‌ಗೆ ತದ್ವಿರುದ್ಧ ಸಮಸ್ಯೆ: ಪೆಟ್ಟಿಗೆಯಿಂದ ತೆಗೆದಾಗ ಅದರಲ್ಲಿ ಫೈರ್‌ವಾಲ್ ರೂಲ್‌ಗಳೇ ಇರುವುದಿಲ್ಲ. ಮೊದಲ ಪೋರ್ಟಿಗೆ 192.168.88.1 ವಿಳಾಸ, ಅಷ್ಟೇ. ಇದಕ್ಕೆ ಪಬ್ಲಿಕ್ ಐಪಿ ಕೊಟ್ಟು, ಡಿಎನ್‌ಎಸ್‌ನಲ್ಲಿ (ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆಯಲ್ಲಿ) ಅಲೋ ರಿಮೋಟ್ ರಿಕ್ವೆಸ್ಟ್ಸ್ ಟಿಕ್ ಹಾಕಿದರೆ ಊರಿಗೆಲ್ಲ ತೆರೆದ ಡಿಎನ್‌ಎಸ್ ಸರ್ವರ್ ತಯಾರು. ಬೇರೆಯವರ ಮೇಲಿನ ದಾಳಿಗೆ ನಿಮ್ಮ ಅಪ್‌ಲೋಡ್ ಖರ್ಚಾಗುತ್ತದೆ. ಹೊರಗಿನ ಇಂಟರ್‌ಫೇಸ್‌ನಿಂದ ಬರುವ ಯುಡಿಪಿ 53, ಟಿಸಿಪಿ 53 ಎರಡನ್ನೂ ಇನ್‌ಪುಟ್ ಚೈನ್‌ನಲ್ಲಿ (ರೌಟರಿಗೇ ಬರುವ ಪ್ಯಾಕೆಟ್‌ಗಳ ರೂಲ್ ಪಟ್ಟಿಯಲ್ಲಿ) ಡ್ರಾಪ್ ಮಾಡಿ. ಐಪಿ, ಸರ್ವಿಸಸ್‌ನಲ್ಲಿ ಟೆಲ್ನೆಟ್, ಎಫ್‌ಟಿಪಿ, ವೆಬ್ ಬಂದ್ ಮಾಡಿ. ರೇಡಿಯಸ್ ಬಿಲ್ಲಿಂಗ್‌ಗೆ ಎಪಿಐ (ಬೇರೆ ಸಾಫ್ಟ್‌ವೇರ್ ರೌಟರಿನೊಂದಿಗೆ ಮಾತಾಡುವ ದಾರಿ) ಬೇಕೇಬೇಕೆಂದರೆ ಆ ಸರ್ವರಿನ ಐಪಿಗೆ ಮಾತ್ರ ಬಿಡಿ. ವಿನ್‌ಬಾಕ್ಸ್‌ನ 8291 ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡುವುದಂತೂ ಬೇಡವೇ ಬೇಡ. 2018ರಲ್ಲಿ ಬಯಲಾದ ವಿನ್‌ಬಾಕ್ಸ್ ಲೋಪಕ್ಕೆ ಅದೇ ವರ್ಷ ಏಪ್ರಿಲ್‌ನಲ್ಲಿ 6.42.1 ಆವೃತ್ತಿ ಬಂತು. ಆದರೂ 2021ರಲ್ಲಿ ಮೇರಿಸ್ ಎಂಬ ಬಾಟ್‌ನೆಟ್‌ಗೆ (ದಾಳಿಕೋರರು ವಶಪಡಿಸಿಕೊಂಡ ಸಾಧನಗಳ ಜಾಲಕ್ಕೆ) ಸಿಕ್ಕಿದ್ದರಲ್ಲಿ 2018ರಲ್ಲೇ ಪಾಸ್‌ವರ್ಡ್ ಕಳೆದುಕೊಂಡಿದ್ದ ರೌಟರ್‌ಗಳಿದ್ದವು. ಅಪ್‌ಡೇಟ್ ಮಾಡಿ ಪಾಸ್‌ವರ್ಡ್ ಬದಲಿಸದಿದ್ದರೆ ಅರ್ಧ ಕೆಲಸ.

ಇನ್ನು ಸ್ವಂತ ಐಎಸ್‌ಪಿ (ಇಂಟರ್ನೆಟ್ ಸೇವೆ) ಲೈಸೆನ್ಸ್ ಇರುವವರು 2021ರ ಜೂನ್ 15ರಿಂದ ಸರ್ಕಾರ ಒಪ್ಪಿದ ಮೂಲದ ಉಪಕರಣವನ್ನೇ ಹಾಕಬೇಕೆಂಬ ಟ್ರಸ್ಟೆಡ್ ಸೋರ್ಸ್ ನಿಯಮಕ್ಕೆ ಒಳಪಟ್ಟಿದ್ದಾರೆ. ಮಾಡೆಲ್‌ಗೆ ಒಪ್ಪಿಗೆ ಇದೆಯೇ ಎಂದು ನೋಡಿಕೊಂಡೇ ಕೊಟೇಶನ್ ಹಾಕಿ.

ಲಾಡ್ಜ್, ಹೋಂಸ್ಟೇ, ಪಿಜಿ ಮಾಲೀಕರು ಕೇಳುವುದು ಹಾಟ್‌ಸ್ಪಾಟ್, ಅಂದರೆ ಲಾಗಿನ್ ಪುಟ ತೋರಿಸುವ ಅತಿಥಿ ವೈಫೈ. ಲೆವೆಲ್ 4ರಲ್ಲಿ ಇದಕ್ಕೂ 200 ಜನರ ಮಿತಿ. 30 ಕೋಣೆಯ ಲಾಡ್ಜಿಗೆ ಧಾರಾಳ. ತೊಂದರೆ ಬೇರೆಡೆ ಇದೆ. ಈಗಿನ ಆಂಡ್ರಾಯ್ಡ್, ಐಫೋನ್‌ಗಳು ಒಂದೊಂದು ವೈಫೈ ಹೆಸರಿಗೆ ಒಂದೊಂದು ಸುಳ್ಳು ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಕೊಡುತ್ತವೆ. ಮೊದಲ ಮಹಡಿಗೊಂದು, ಎರಡನೆಯದಕ್ಕೊಂದು ಹೆಸರಿಟ್ಟರೆ ಅದೇ ಅತಿಥಿ ಹೊಸಬನಾಗಿ ಮತ್ತೆ ಲಾಗಿನ್ ಪುಟ ಕಾಣುತ್ತಾನೆ. ಇಡೀ ಕಟ್ಟಡಕ್ಕೆ ಒಂದೇ ಹೆಸರಿಡಿ, ಮ್ಯಾಕ್ ನಂಬಿದ ಟ್ರಯಲ್ ಲಾಗಿನ್ ಬಿಟ್ಟು ವೋಚರ್ ಕೊಡಿ. ಲಾಗ್ (ಬಳಕೆಯ ದಾಖಲೆ) ವಿಷಯಕ್ಕೂ ಮಾಲೀಕರಿಗೆ ಮೊದಲೇ ಹೇಳಬೇಕು: ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಸರ್ಕಾರಿ ಸಂಸ್ಥೆಗಳ ಸಮಯಕ್ಕೆ ಹೊಂದಿಸಬೇಕು. ರೌಟರ್ ತನ್ನ ಮೆಮೊರಿಯಲ್ಲಿ ಡೀಫಾಲ್ಟಾಗಿ ಇಟ್ಟುಕೊಳ್ಳುವುದು 1000 ಸಾಲು, ಕರೆಂಟು ಹೋದರೆ ಅದೂ ಇಲ್ಲ. ಆದ್ದರಿಂದ ಮೂಲೆಯಲ್ಲೊಂದು ಸಣ್ಣ ಸಿಸ್ಟಂ ಇಟ್ಟು ರೌಟರಿನ ಲಾಗ್‌ಗಳನ್ನು ಸಿಸ್‌ಲಾಗ್ ಮೂಲಕ ಅದಕ್ಕೆ ಕಳಿಸುವ ವ್ಯವಸ್ಥೆ ಕೊಟೇಶನ್‌ನಲ್ಲೇ ಇರಲಿ. ಆಮೇಲೆ ಸೇರಿಸಲು ಹೋದರೆ ಚೌಕಾಸಿ ಶುರು.

ಆಡಿಟರ್ ಕಚೇರಿ, ಗೋಡೌನ್, ಆಸ್ಪತ್ರೆಗಳಲ್ಲಿ ಇದರ ನಿಜವಾದ ಬಂಡವಾಳ ಎರಡು ಲೈನ್ ಜೋಡಣೆ ಮತ್ತು ವಿಪಿಎನ್ (ದೂರದ ಕಚೇರಿಗಳ ನಡುವಿನ ಗುಪ್ತ ಸಂಪರ್ಕ). ರೌಟರ್‌ಒಎಸ್ 7ನೆಯ ಆವೃತ್ತಿಯಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಬಂದ ಮೇಲೆ ಶಾಖೆಯಿಂದ ಟ್ಯಾಲಿ ಸರ್ವರ್ ಮುಟ್ಟಿಸುವುದು ಹತ್ತು ನಿಮಿಷದ ಕೆಲಸ. ಫೇಲ್‌ಓವರ್‌ನಲ್ಲಿ (ಒಂದು ಲೈನ್ ಸತ್ತಾಗ ಇನ್ನೊಂದಕ್ಕೆ ಹೋಗುವುದರಲ್ಲಿ) ಮಾತ್ರ ಬಹಳ ಮಂದಿ ಗೇಟ್‌ವೇಗೆ ಪಿಂಗ್ ಚೆಕ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಆ ಗೇಟ್‌ವೇ ಅಂದರೆ ಪಕ್ಕದಲ್ಲೇ ಇರುವ ಒಎನ್‌ಟಿ (ಫೈಬರ್ ಮೋಡೆಮ್). ಬೀದಿಯಲ್ಲಿ ಫೈಬರ್ ತುಂಡಾದರೂ ಅದು ಪಿಂಗ್‌ಗೆ ಉತ್ತರ ಕೊಡುತ್ತಲೇ ಇರುತ್ತದೆ, ರೌಟರ್ ಎರಡನೆಯ ಲೈನಿಗೆ ಜಿಗಿಯುವುದೇ ಇಲ್ಲ. ದೂರದ ಒಂದು ಐಪಿಗೆ, ಉದಾಹರಣೆಗೆ 8.8.8.8ಕ್ಕೆ, ಮೊದಲ ಲೈನ್ ಮೂಲಕ ಸ್ಕೋಪ್ 10 ಇರುವ ರೂಟ್ ಹಾಕಿ. ಡೀಫಾಲ್ಟ್ ರೂಟ್‌ನ ಗೇಟ್‌ವೇಯಾಗಿ ಅದೇ 8.8.8.8 ಕೊಟ್ಟು ಟಾರ್ಗೆಟ್ ಸ್ಕೋಪ್ 11 ಮಾಡಿ, ಪಿಂಗ್ ಚೆಕ್ ಅಲ್ಲಿ ಹಾಕಿ. ಎರಡನೆಯ ಲೈನಿನ ಡೀಫಾಲ್ಟ್ ರೂಟ್‌ಗೆ ಡಿಸ್ಟೆನ್ಸ್ 2, ಅಂದರೆ ಎರಡನೆಯ ಆದ್ಯತೆ. ಪಿಂಗ್ 10 ಸೆಕೆಂಡಿಗೊಮ್ಮೆ ಹೋಗುತ್ತದೆ, ಎರಡು ಸಲ ಉತ್ತರ ಬಾರದಿದ್ದರೆ ರೂಟ್ ಬೀಳುತ್ತದೆ. ಸುಮಾರು 20 ಸೆಕೆಂಡ್ ಕಡಿತ ಇರುತ್ತದೆಂದು ಗಿರಾಕಿಗೆ ಮುಂಚೆಯೇ ಹೇಳಿಬಿಡಿ.

ಮನೆಗಳಿಗೆ? ಬೇಡ. ವೈಫೈ ಪಾಸ್‌ವರ್ಡ್ ಬದಲಿಸಲು ಮೊಬೈಲ್ ಆ್ಯಪ್ ಇದೆ ನಿಜ, ಆದರೆ ಒಂದು ಮೆನು ಆಚೆ ಹೋದರೆ ಸಾಮಾನ್ಯ ಬಳಕೆದಾರ ಕಾಡಿನಲ್ಲಿ ಬಿಟ್ಟಂತೆ. ಹಳೆಯ ವೈಫೈ ಮಾಡೆಲ್ ಹ್ಯಾಪ್ ಎಸಿ2ರಲ್ಲಿ ಇರುವ 16 ಎಂಬಿ ಫ್ಲಾಶ್ 7ನೆಯ ಆವೃತ್ತಿಗೂ ಹೊಸ ವೈಫೈ ಪ್ಯಾಕೇಜಿಗೂ ಸೇರಿ ತೀರಾ ಇಕ್ಕಟ್ಟು. ಜಾಗ ಸಾಲದೆ ಅಪ್‌ಡೇಟ್ ನಿಂತರೆ ನೆಟ್‌ಇನ್‌ಸ್ಟಾಲ್ (ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಹೊಸದಾಗಿ ತುಂಬುವುದು) ಮಾಡಬೇಕು. ಕೇಳಿಯೇ ಕೇಳಿದರೆ 128 ಎಂಬಿ ಇರುವ ಹ್ಯಾಪ್ ಎಎಕ್ಸ್2 ಕೊಡಿ. ಹೆಕ್ಸ್‌ನಲ್ಲೂ ಇದೇ ಎಚ್ಚರ: ಹಳೆಯ ಆರ್‌ಬಿ750ಜಿಆರ್3ರಲ್ಲಿ 16 ಎಂಬಿ, ಹೊಸ ಇ50ಯುಜಿಯಲ್ಲಿ 128 ಎಂಬಿ ಫ್ಲಾಶ್ ಮತ್ತು 512 ಎಂಬಿ ರ‍್ಯಾಮ್. ಹೆಸರು ಎರಡಕ್ಕೂ ಹೆಕ್ಸ್. ಖರೀದಿ ಬಿಲ್ಲಿನಲ್ಲಿ ಕೋಡ್ ಓದಿ.

ಸರ್ಕಾರಿ ಖರೀದಿಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಕೇಂದ್ರದ ಮೇಕ್ ಇನ್ ಇಂಡಿಯಾ ಆದ್ಯತೆ ನಿಯಮದಲ್ಲಿ 200 ಕೋಟಿ ರೂಪಾಯಿಗಿಂತ ಕಡಿಮೆಯ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 20 ಶೇಕಡಾ ಸ್ಥಳೀಯ ಅಂಶ ತೋರಿಸಬೇಕು, ಸರ್ಕಾರದ ಆನ್‌ಲೈನ್ ಖರೀದಿ ತಾಣ ಜೆಮ್‌ನಲ್ಲಿ ತಯಾರಕರ ಅಧಿಕಾರ ಪತ್ರವನ್ನೂ ಕೇಳುತ್ತಾರೆ. ಆಮದು ಪೆಟ್ಟಿಗೆ ಹಿಡಿದ ಸಣ್ಣ ವ್ಯಾಪಾರಿಗೆ ಇವೆರಡೂ ದಾಟುವ ಗೋಡೆಗಳಲ್ಲ.

ವಿದ್ಯುತ್ ವಿಷಯದಲ್ಲಿ ಹೆಕ್ಸ್ ನಮ್ಮ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಆರ್‌ಬಿ750ಜಿಆರ್3 8ರಿಂದ 30 ವೋಲ್ಟ್ ಡಿಸಿ ತಿನ್ನುತ್ತದೆ. ಜೊತೆಗೆ ಬರುವ 24 ವೋಲ್ಟ್ ಅಡಾಪ್ಟರ್ ಬದಿಗಿಟ್ಟು 12 ವೋಲ್ಟ್ ಮಿನಿ ಯುಪಿಎಸ್‌ಗೆ ನೇರ ಹಾಕಬಹುದು. ಮೊದಲ ಪೋರ್ಟಿನ ಪಿಒಇ (ನೆಟ್‌ವರ್ಕ್ ತಂತಿಯಲ್ಲೇ ಬರುವ ವಿದ್ಯುತ್) ಪ್ಯಾಸಿವ್ ಜಾತಿಯದು, ಸ್ಟ್ಯಾಂಡರ್ಡ್ 802.3ಎಎಫ್ ಸ್ವಿಚ್‌ನಿಂದ ಅದಕ್ಕೆ ಜೀವ ಬರುವುದಿಲ್ಲ. ಅದು ಬೇಕಿದ್ದರೆ ಹೆಕ್ಸ್ ಎಸ್ ಕೊಡಿ. ಮಲೆನಾಡಿನ ಏಪ್ರಿಲ್, ಮೇ ಸಿಡಿಲಿಗೆ ಸಾಯುವುದು ಹೆಚ್ಚಾಗಿ ಹೊರಗಿನಿಂದ ತಾಮ್ರದ ತಂತಿ ಬರುವ ಪೋರ್ಟ್. ಎರಡು ಕಟ್ಟಡಗಳ ನಡುವೆ ಕ್ಯಾಟ್ 6 ಎಳೆಯದೆ ಲೋಹದ ಎಳೆಯಿಲ್ಲದ ಫೈಬರ್ ಹಾಕಿ. ಬೋರ್ಡ್ ಹೋಗಿ ವಾರಂಟಿಗಾಗಿ ಜಗಳವಾಡುವುದಕ್ಕಿಂತ ಅದು ಅಗ್ಗ.

ಕೊನೆಗೆ ಹಸ್ತಾಂತರ. ರೌಟರ್‌ಒಎಸ್ ಅಪ್‌ಡೇಟ್ ಮಾಡಿ ರೀಬೂಟ್ ಆದ ಮೇಲೆ ಸಿಸ್ಟಂ, ರೌಟರ್‌ಬೋರ್ಡ್‌ನಲ್ಲಿ ಅಪ್‌ಗ್ರೇಡ್ ಒತ್ತಿ ಮತ್ತೊಮ್ಮೆ ರೀಬೂಟ್ ಮಾಡಿ. ಬ್ಯಾಕಪ್ ಫೈಲ್ ಅದೇ ಪೆಟ್ಟಿಗೆಗೆ ಮೀಸಲು. ಬದಲಿ ಪೆಟ್ಟಿಗೆಗೆ ಹಾಕಿದರೆ ಹಳೆಯದರ ಮ್ಯಾಕ್ ವಿಳಾಸಗಳೂ ಜೊತೆಗೆ ಬರುತ್ತವೆ. ಆದ್ದರಿಂದ ಎಕ್ಸ್‌ಪೋರ್ಟ್ (ಸೆಟ್ಟಿಂಗ್‌ಗಳ ಟೆಕ್ಸ್ಟ್ ಫೈಲ್) ಕೂಡ ತೆಗೆದಿಡಿ. 7ನೆಯ ಆವೃತ್ತಿಯ ಎಕ್ಸ್‌ಪೋರ್ಟ್‌ನಲ್ಲಿ ಶೋ-ಸೆನ್ಸಿಟಿವ್ ಸೇರಿಸದಿದ್ದರೆ ಪಿಪಿಪಿಒಇ ಪಾಸ್‌ವರ್ಡ್‌ಗಳು, ವೈರ್‌ಗಾರ್ಡ್ ಕೀಗಳು ಫೈಲಿನಲ್ಲಿ ಇರುವುದಿಲ್ಲ, ಇದು ಗೊತ್ತಾಗುವುದು ರೌಟರ್ ಸುಟ್ಟ ದಿನ. ಎರಡು ಫೈಲ್, ಪಾಸ್‌ವರ್ಡ್, ಸೀರಿಯಲ್ ನಂಬರ್ ಬರೆದ ಬಿಲ್: ಇವಿಷ್ಟನ್ನೂ ಗಿರಾಕಿಯ ಕೈಗೇ ಕೊಟ್ಟು ಸಹಿ ಪಡೆಯಿರಿ. ಪಾಸ್‌ವರ್ಡ್ ಬಚ್ಚಿಟ್ಟುಕೊಂಡು ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಉಳಿಸಿಕೊಳ್ಳುವವರೂ ಇದ್ದಾರೆ. ಮುಂದಿನ ಸಲ ಅವರ ಗಿರಾಕಿ ನಮ್ಮಲ್ಲಿಗೆ ಬಂದಾಗ ಮೊದಲು ಮಾಡುವ ಕೆಲಸ ರೀಸೆಟ್ ಬಟನ್ ಒತ್ತುವುದು.