ಹೋಮ್‌ಲೈಟ್ ಎಕ್ಸ್‌ಎಲ್-12: ಬಿಚ್ಚಿ ಜೋಡಿಸುವವರಿಗೊಂದು ವಿಮರ್ಶೆ

ಹಳೆಯ ಚೈನ್‌ಸಾ ರಿಪೇರಿಗೆ ಕೈಹಾಕಬೇಕೆನ್ನುವವರು ಮೊದಲ ಮೆಷಿನ್ ಆಗಿ ಹೋಮ್‌ಲೈಟ್ ಎಕ್ಸ್‌ಎಲ್-12 ಆರಿಸಿಕೊಂಡರೆ ಬಹುಮಟ್ಟಿಗೆ ತಪ್ಪಾಗುವುದಿಲ್ಲ. 1963ರಲ್ಲಿ ಮಾರುಕಟ್ಟೆಗೆ ಬಂದ ಈ ಅಮೆರಿಕನ್ ಗರಗಸ ಭಾರೀ ಸಂಖ್ಯೆಯಲ್ಲಿ ತಯಾರಾಯಿತು. ಹಳೆಯವು ನೀಲಿ, ಆಮೇಲಿನವು ಕೆಂಪು. 3.3 ಘನ ಅಂಗುಲದ, ಅಂದರೆ 54 ಸಿಸಿಯ ಎಂಜಿನ್, ಮೆಗ್ನೀಸಿಯಂ ಬಾಡಿ, ಬಾರ್ (ಚೈನ್ ಸುತ್ತಿ ಓಡುವ ಉದ್ದ ಪಟ್ಟಿ), ಚೈನ್ ಬಿಟ್ಟರೆ ಆರು ಕೆಜಿಗಿಂತ ತುಸು ಕಡಿಮೆ ತೂಕ. ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಲೋಹದ ತುದಿಗಳಿಂದ ಕಿಡಿ ಹುಟ್ಟಿಸುವ ವ್ಯವಸ್ಥೆ), ರೀಡ್ ವಾಲ್ವ್ (ಮಿಶ್ರಣವನ್ನು ಎಂಜಿನ್ ಒಳಗೆ ಬಿಟ್ಟು ಹಿಂದೆ ಬಿಡದ ತೆಳು ಎಲೆ), ಹೆಚ್ಚಿನವುಗಳಲ್ಲಿ ಟಿಲಟ್ಸನ್ ಎಚ್‌ಎಸ್ ಕಾರ್ಬುರೇಟರ್, ಹೆಬ್ಬೆರಳಿನಿಂದ ಒತ್ತಿ ಚೈನ್‌ಗೆ ಎಣ್ಣೆ ಕೊಡುವ ಆಯಿಲ್ ಪಂಪ್. ಒಳಗೆ ಇರುವುದು ಇಷ್ಟೇ, ಅದೇ ಇದರ ದೊಡ್ಡ ಗುಣ.

ಆದರೆ ಸರಳ ಎಂದು ಹಗುರವಾಗಿ ತೆಗೆದುಕೊಂಡವರೇ ಇದನ್ನು ಹೆಚ್ಚು ಹಾಳು ಮಾಡಿದ್ದಾರೆ. ಸವೆದು ಸತ್ತ ಎಕ್ಸ್‌ಎಲ್-12 ಕಡಿಮೆ. ಎಲ್ಲೋ ಗಾಳಿ ಎಳೆಯುತ್ತಿದ್ದರೂ ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಹೇಗೋ ಓಡಿಸಿ, ಕೊನೆಗೆ ಪಿಸ್ಟನ್ ಕಚ್ಚಿಸಿಕೊಂಡವೇ ಜಾಸ್ತಿ. ಕೊಳ್ಳುವಾಗಲೂ ಬಿಚ್ಚುವಾಗಲೂ ಇದು ನೆನಪಿರಲಿ.

ಕೊಳ್ಳುವ ಮೊದಲು ಸೈಲೆನ್ಸರ್ ಬಿಚ್ಚಿ ನೋಡಲು ಬಿಡಿ ಎಂದು ಕೇಳಿ. ಬೋಲ್ಟ್ ಬಿಚ್ಚಿ, ಎಕ್ಸಾಸ್ಟ್ ಪೋರ್ಟ್‌ಗೆ ಟಾರ್ಚ್ ಹಿಡಿದು, ಸ್ಟಾರ್ಟರ್ ಹಗ್ಗವನ್ನು ನಿಧಾನ ಎಳೆಯುತ್ತ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನೋಡಿ. ಪಿಸ್ಟನ್ ಮೈ ನುಣುಪಾಗಿ, ತಯಾರಿಕೆಯ ಸಣ್ಣ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದರೆ ಶುಭ. ಉದ್ದುದ್ದ ಗೀರುಗಳಿದ್ದು, ರಿಂಗ್ ತನ್ನ ತೋಡಿನಲ್ಲಿ ಅಲ್ಲಾಡದೆ ಅಂಟಿಕೊಂಡಿದ್ದರೆ ಅದು ಪೆಟ್ರೋಲ್ ಸಾಲದೆ ಬಿಸಿಯಾಗಿ ಕಚ್ಚಿದ ಎಂಜಿನ್. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ರಿಂಗನ್ನು ಮೆಲ್ಲಗೆ ಒತ್ತಿ: ಒಳಗೆ ಹೋಗಿ ಪುಟಿದು ಬರಬೇಕು. ಕಂಪ್ರೆಷನ್ ಗೇಜ್‌ನಲ್ಲಿ, ಥ್ರಾಟಲ್ ಪೂರ್ತಿ ತೆರೆದು ಮುಳ್ಳು ನಿಲ್ಲುವವರೆಗೆ ಹಗ್ಗ ಎಳೆದಾಗ, 120 ಪಿಎಸ್‌ಐ ದಾಟಿದರೆ ನೆಮ್ಮದಿ. 100ಕ್ಕಿಂತ ಕೆಳಗಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಡಿಭಾಗಕ್ಕೆಂದೇ ಕೊಳ್ಳಬೇಕು.

ಇದರ ಸಿಲಿಂಡರ್ ಅಲ್ಯುಮಿನಿಯಂ, ಒಳಗೋಡೆಗೆ ಗಟ್ಟಿ ಕ್ರೋಮ್ ಲೇಪನ. ಕಚ್ಚಿದ ಪಿಸ್ಟನ್‌ನ ಅಲ್ಯುಮಿನಿಯಂ ಈ ಕ್ರೋಮ್ ಮೇಲೆ ಮೆತ್ತಿಕೊಂಡಿರುತ್ತದೆ. ಅದನ್ನು ತೆಗೆಯಲು ಹೈಡ್ರೋಕ್ಲೋರಿಕ್ ಆಸಿಡ್ ಹಚ್ಚಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಿಕಾಸಿಲ್ (ನಿಕಲ್, ಸಿಲಿಕಾನ್ ಕಾರ್ಬೈಡ್) ಲೇಪನದ ಸಿಲಿಂಡರ್‌ಗೆ ಅದು ನಡೆದೀತು, ಕ್ರೋಮ್‌ಗೆ ಬೇಡವೇ ಬೇಡ. ಆ ಆಸಿಡ್ ಕ್ರೋಮನ್ನೂ ತಿನ್ನುತ್ತದೆ. ಕಾಸ್ಟಿಕ್ ಸೋಡಾ ದ್ರಾವಣ ಕ್ರೋಮ್ ತಂಟೆಗೆ ಹೋಗುವುದಿಲ್ಲ, ಆದರೆ ಪೋರ್ಟ್ ಅಂಚಿನಲ್ಲಿ ಬರಿ ಅಲ್ಯುಮಿನಿಯಂ ಸಿಕ್ಕರೆ ಬಿಡುವುದಿಲ್ಲ. ಹತ್ತಿಕಡ್ಡಿಯಲ್ಲಿ ಮೆತ್ತಿದ ಜಾಗಕ್ಕೆ ಮಾತ್ರ ಮುಟ್ಟಿಸಿ, ಗುಳ್ಳೆ ಏಳುವುದು ನಿಂತೊಡನೆ ನೀರಿನಲ್ಲಿ ತೊಳೆಯಬೇಕು. ಕನ್ನಡಕ, ರಬ್ಬರ್ ಗ್ಲೌಸ್ ಕಡ್ಡಾಯ. ಮೆತ್ತಿದ್ದು ತೆಳುವಾಗಿದ್ದರೆ 400 ನಂಬರಿನ ಎಮರಿ ಬಟ್ಟೆಯಿಂದ ಕೈಯಲ್ಲೇ ಉಜ್ಜುವುದು ಇದೆಲ್ಲಕ್ಕಿಂತ ಒಳ್ಳೆಯದು. ಕ್ರೋಮೇ ಸುಲಿದು ಉಗುರಿಗೆ ಅಂಚು ತಾಗುತ್ತಿದ್ದರೆ ಆ ಸಿಲಿಂಡರ್ ಮುಗಿಯಿತು, ಅದಕ್ಕೆ ಹೊಸ ರಿಂಗ್ ಹಾಕುವುದು ದುಡ್ಡು ದಂಡ.

ಬಾಡಿಯ ಮೆಗ್ನೀಸಿಯಂ ತೂಕ ಇಳಿಸಿದೆ, ಜೊತೆಗೆ ತಲೆನೋವನ್ನೂ ತಂದಿದೆ. ಉಕ್ಕಿನ ಸ್ಕ್ರೂ ಮೆಗ್ನೀಸಿಯಂ ಒಳಗೆ ವರ್ಷಗಟ್ಟಲೆ ಕೂತರೆ ಸುತ್ತ ಬಿಳಿ ಪುಡಿ ಕಟ್ಟಿ ಹಿಡಿದುಕೊಳ್ಳುತ್ತದೆ. ಬಲ ಹಾಕಿ ತಿರುಗಿಸಿದರೆ ಸ್ಕ್ರೂ ಜೊತೆಗೆ ಥ್ರೆಡ್ಡೂ ಕಿತ್ತುಕೊಂಡು ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಮಾರನೇ ದಿನ ಪೆಟ್ರೋಲ್, ಎಣ್ಣೆಯ ಪಸೆ ಪೂರ್ತಿ ಒರೆಸಿ, ಹೀಟ್ ಗನ್‌ನಿಂದ ಬಿಸಿ ಮಾಡಿ, ಸ್ವಲ್ಪ ಬಿಗಿ ಮಾಡುವ ದಿಕ್ಕಿಗೆ, ಸ್ವಲ್ಪ ಬಿಚ್ಚುವ ದಿಕ್ಕಿಗೆ ಆಡಿಸುತ್ತ ತೆಗೆಯಿರಿ. ಥ್ರೆಡ್ ಹೋಗೇಬಿಟ್ಟರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಚೆನ್ನಾಗಿ ಕೂರುತ್ತದೆ. ಈ ಲೋಹವನ್ನು ಆಸಿಡ್‌ನಲ್ಲಿ ತೊಳೆಯಬಾರದು, ಬೆಂಚ್ ಗ್ರೈಂಡರ್‌ಗೆ ಹಿಡಿಯಬಾರದು. ಅದರ ಪುಡಿಗೆ ಕಿಡಿ ತಗುಲಿದರೆ ಉರಿಯುತ್ತದೆ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಕೊಳೆ ತೆಗೆಯಲು ಸೀಮೆಎಣ್ಣೆ, ಬ್ರಷ್, ಮರದ ಕಡ್ಡಿ ಸಾಕು.

ಕ್ಲಚ್ ತೆಗೆಯುವಲ್ಲಿ ಹೊಸಬರು ಮುಗ್ಗರಿಸುತ್ತಾರೆ. ಥ್ರೆಡ್ ಎಡಮುರಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಕ್ರ್ಯಾಂಕ್ ತಿರುಗದಂತೆ ತಡೆಯಲು ಪ್ಲಗ್ ತೂತಿನೊಳಗೆ ಹಗ್ಗ ತುಂಬಿ. ಅದಕ್ಕೂ ಮೊದಲು ಪಿಸ್ಟನ್ ಎಕ್ಸಾಸ್ಟ್ ಪೋರ್ಟನ್ನು ದಾಟಿ ಮೇಲೆ ಬಂದಿರಬೇಕು, ಇಲ್ಲದಿದ್ದರೆ ಹಗ್ಗ ಪೋರ್ಟ್‌ಗೆ ನುಗ್ಗಿ ಪಿಸ್ಟನ್ ಅಂಚಿಗೆ ಸಿಕ್ಕಿ ತುಂಡಾಗುತ್ತದೆ. ಇನ್ನೊಂದು ಬದಿಯ ಫ್ಲೈವ್ಹೀಲ್ ನಟ್ ಮಾಮೂಲಿ ಬಲಮುರಿ. ನಟ್ಟನ್ನು ಶಾಫ್ಟ್ ತುದಿಯ ಮಟ್ಟಕ್ಕೆ ಸಡಿಲಿಸಿ, ಫ್ಲೈವ್ಹೀಲ್ ಹಿಡಿದು ಮೆಷಿನ್ನನ್ನು ಬೆಂಚಿನಿಂದ ಒಂದಿಷ್ಟು ಎತ್ತಿ, ಹಿತ್ತಾಳೆ ಸುತ್ತಿಗೆಯಿಂದ ನಟ್ ಮೇಲೆ ಒಂದೇ ಚುರುಕಾದ ಏಟು. ರೆಕ್ಕೆಗಳ ಅಡಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ರೆಕ್ಕೆ ಮುರಿಯುತ್ತದೆ, ಮುರಿದ ಫ್ಲೈವ್ಹೀಲ್ ತೂಕ ತಪ್ಪಿ ಬೇರಿಂಗ್ ತಿನ್ನುತ್ತದೆ.

ಇಗ್ನಿಷನ್ ಬಗ್ಗೆ ದೂರೇನಿಲ್ಲ. ಫ್ಲೈವ್ಹೀಲ್ ಅಡಿ ಇರುವ ಪಾಯಿಂಟ್‌ಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕಟ್ಟಿದ್ದರೂ ಕಿಡಿ ಸಾಯುತ್ತದೆ. ದಪ್ಪ ಬಿಳಿ ಕಾಗದವನ್ನು ಸಾಲ್ವೆಂಟ್‌ನಲ್ಲಿ ಅದ್ದಿ ಪಾಯಿಂಟ್ ನಡುವೆ ಎಳೆಯಿರಿ, ಕಾಗದ ಬಿಳಿಯಾಗಿಯೇ ಹೊರಬರುವವರೆಗೆ. ಗ್ಯಾಪ್ 0.015 ಇಂಚು, ಅಂದರೆ 0.38 ಮಿ.ಮೀ. ಪ್ಲಗ್ ಗ್ಯಾಪ್ 0.025 ಇಂಚು. ಪಾಯಿಂಟ್ ತೀರ ಗುಳಿಬಿದ್ದಿದ್ದರೆ ಬದಲಿ ಎಲೆಕ್ಟ್ರಾನಿಕ್ ಚಿಪ್ ಸಿಗುತ್ತದೆ. ಆಗ ಕಂಡೆನ್ಸರ್ ವೈರ್ ತೆಗೆದು, ಪಾಯಿಂಟ್ ಸಂಪರ್ಕ ಕಡಿದು, ಚಿಪ್ಪನ್ನು ಕಾಯಿಲ್‌ನ ಪ್ರೈಮರಿಗೆ ಕೊಡಬೇಕು. ವೈರ್ ಅದಲುಬದಲಾದರೆ ಕಿಡಿಯೇ ಬರುವುದಿಲ್ಲ, ಬಂದರೂ ಟೈಮಿಂಗ್ ತಪ್ಪಿ ಹಗ್ಗ ಕೈಗೆ ಒದೆಯುತ್ತದೆ. ಕಾಯಿಲ್ ಸತ್ತಿದ್ದರೆ ಚಿಪ್ ಏನೂ ಮಾಡಲಾರದು. ಪಾಯಿಂಟ್ ಚೆನ್ನಾಗಿದ್ದರೆ ಹಾಗೆಯೇ ಇಟ್ಟುಕೊಳ್ಳಿ ಎನ್ನುವುದೇ ನಮ್ಮ ಅಭಿಪ್ರಾಯ.

ಇನ್ನು ಕಾರ್ಬುರೇಟರ್. ಟಿಲಟ್ಸನ್ ಎಚ್‌ಎಸ್ ಬೆಂಕಿಪೊಟ್ಟಣದಷ್ಟು ಚಿಕ್ಕದು, ರಿಪೇರಿಗೆ ಹೇಳಿ ಮಾಡಿಸಿದ್ದು. ಬಾಡಿಯ ಮೇಲೆ ಒತ್ತಿರುವ ಸಂಖ್ಯೆ ನೋಡಿಯೇ ಕಿಟ್ ತರಿಸಿ. ಡಿಜಿ ಎಂದು ಶುರುವಾಗುವ ಕಿಟ್‌ನಲ್ಲಿ ಡಯಾಫ್ರಮ್ (ಬಾಗುವ ತೆಳು ಪೊರೆ), ಗ್ಯಾಸ್ಕೆಟ್ ಮಾತ್ರ. ಆರ್‌ಕೆ ಕಿಟ್‌ನಲ್ಲಿ ನೀಡಲ್ (ಪೆಟ್ರೋಲ್ ಬರುವ ದಾರಿ ಮುಚ್ಚುವ ಸೂಜಿ), ಅದನ್ನು ಎತ್ತುವ ಲಿವರ್, ಸ್ಪ್ರಿಂಗ್ ಕೂಡ ಇರುತ್ತದೆ. ಎಷ್ಟೋ ವರ್ಷ ಮಲಗಿದ್ದ ಮೆಷಿನ್‌ಗೆ ಆರ್‌ಕೆ ಕಿಟ್ಟೇ ಹಾಕಿ. ಹಳೆ ಡಯಾಫ್ರಮ್ ಬೆರಳಲ್ಲಿ ಬಾಗಿಸಿದರೆ ಒಣಗಿದ ಎಲೆಯ ಹಾಗೆ ಚರಚರ ಎನ್ನುತ್ತದೆ. ಹೊಸದು ತನ್ನ ಭಾರಕ್ಕೇ ಜೋಲಬೇಕು. ಲಿವರ್‌ನ ಎತ್ತರ ಈ ಕಾರ್ಬುರೇಟರ್‌ನ ಪ್ರಾಣ: ಮೀಟರಿಂಗ್ ಚೇಂಬರ್‌ನ (ಡಯಾಫ್ರಮ್ ಅಡಿಯ ಪೆಟ್ರೋಲ್ ಗುಳಿಯ) ನೆಲಕ್ಕೆ ಸಮನಾಗಿ ನಿಲ್ಲಬೇಕು, ಅದಕ್ಕೆ ಸಣ್ಣ ಉಕ್ಕಿನ ಸ್ಕೇಲ್ ಅಡ್ಡಹಿಡಿದು ನೋಡಿ. ಮೇಲಿದ್ದರೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆ, ಕೆಳಗಿದ್ದರೆ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ಉಸಿರುಗಟ್ಟುತ್ತದೆ.

ಜೋಡಿಸುವ ಕ್ರಮ ಎರಡು ಬದಿಗೆ ಎರಡು ಥರ. ಮೀಟರಿಂಗ್ ಬದಿಯಲ್ಲಿ ಬಾಡಿಗೆ ತಾಗಿ ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್. ಪಂಪ್ ಬದಿಯಲ್ಲಿ ಬಾಡಿಗೆ ತಾಗಿ ಡಯಾಫ್ರಮ್, ಅದರ ಮೇಲೆ ಗ್ಯಾಸ್ಕೆಟ್. ತಿರುವುಮುರುವಾದರೆ ಮೆಷಿನ್ ಸ್ಟಾರ್ಟ್ ಆಗಬಹುದು, ಸರಿಯಾಗಿ ಓಡುವುದಿಲ್ಲ. ಅದಕ್ಕೇ ಎಷ್ಟೋ ಜನ ಕಿಟ್ ಸರಿಯಿಲ್ಲ ಎಂದು ದೂರುವುದು. ಪಂಪ್ ಮುಚ್ಚಳದ ಅಡಿಯ ಪುಟ್ಟ ಜಾಲರಿ ತೆಗೆದು ತೊಳೆಯಿರಿ. ಕಂಪ್ರೆಸರ್ ಗಾಳಿಯನ್ನು ಮುಖ್ಯ ನಾಜಲ್‌ಗೆ ನೇರ ಊದಬೇಡಿ, ಅಲ್ಲಿರುವ ಚೆಕ್ ವಾಲ್ವ್ ಹಾಳಾದರೆ ಐಡಲ್ ಎಂದಿಗೂ ನಿಲ್ಲುವುದಿಲ್ಲ. ಎಲ್ಲ ಮುಗಿದ ಮೇಲೆ ಪೆಟ್ರೋಲ್ ಬರುವ ತೂತಿಗೆ ಕೈಪಂಪಿನಿಂದ 7 ಪಿಎಸ್‌ಐ ಕೊಟ್ಟು ನೋಡಿ, ಗೇಜಿನ ಮುಳ್ಳು ಅಲ್ಲಾಡಬಾರದು.

ಕಾರ್ಬುರೇಟರ್ ಕಿಟ್ ಹಾಕಿದರೂ ಅದರ ಗಾಳಿ ಎಳೆಯುವ ಬಾಯಿಂದ ಎಂಜಿನ್ ಪೆಟ್ರೋಲ್ ಮಂಜು ಉಗುಳುತ್ತಿದ್ದರೆ ರೀಡ್ ನೋಡಬೇಕು. ಬಾಗಿದ ಅಥವಾ ತುದಿ ಮುರಿದ ರೀಡ್ ತನ್ನ ಪ್ಲೇಟಿಗೆ ಚಪ್ಪಟೆಯಾಗಿ ಕೂರುವುದಿಲ್ಲ. ಅದನ್ನು ನೆಟ್ಟಗೆ ಮಾಡುವ ಪ್ರಯತ್ನ ಬೇಡ, ಬದಲಿಸಿ.

ಸ್ಟಾರ್ಟ್ ಮಾಡುವ ಮೊದಲು ಪ್ರೆಷರ್ ಟೆಸ್ಟ್ ತಪ್ಪಿಸಲೇಬೇಡಿ. ಎಕ್ಸಾಸ್ಟ್ ಪೋರ್ಟನ್ನು ರಬ್ಬರ್ ಹಾಳೆಯಿಟ್ಟು ಸೈಲೆನ್ಸರಿನಿಂದಲೇ ಬಿಗಿದು ಮುಚ್ಚಿ, ಇಂಟೇಕ್ ಮುಚ್ಚಿ, ಪ್ಲಗ್ ತೂತಿನಿಂದ 7 ಪಿಎಸ್‌ಐ ಗಾಳಿ ಕೊಡಿ. ಸೋಪು ನೀರು ಸವರಿದರೆ ಗುಳ್ಳೆ ಎಲ್ಲಿ ಎದ್ದಿತೋ ಅಲ್ಲಿ ಸೋರಿಕೆ. ಇದಾದ ಮೇಲೆ ಅಷ್ಟೇ ವ್ಯಾಕ್ಯೂಮ್ ಕೊಟ್ಟೂ ನೋಡಬೇಕು, ಏಕೆಂದರೆ ಆಯಿಲ್ ಸೀಲಿನ ತುಟಿ ಒಂದು ದಿಕ್ಕಿಗೆ ಒತ್ತಡ ತಡೆದು ಇನ್ನೊಂದು ದಿಕ್ಕಿಗೆ ಬಿಟ್ಟುಕೊಡುವುದುಂಟು. ಹಳೆ ಎಕ್ಸ್‌ಎಲ್-12ನಲ್ಲಿ ಸೀಲ್ ಕಲ್ಲಿನಂತೆ ಗಟ್ಟಿಯಾಗಿರುವುದೇ ಹೆಚ್ಚು, ಪೂರ್ತಿ ಬಿಚ್ಚಿದ ಮೇಲೆ ಬದಲಿಸದಿರುವುದು ಜಿಪುಣತನ. ಪೆಟ್ರೋಲ್ ಪೈಪ್ ಟ್ಯಾಂಕ್ ಗೋಡೆ ದಾಟುವ ಜಾಗದಲ್ಲೇ ಬಿರಿಯುತ್ತದೆ, ಹೊರಗೆ ಎಳೆದು ಬಾಗಿಸಿ ನೋಡದಿದ್ದರೆ ಬಿರುಕು ಕಾಣುವುದಿಲ್ಲ. ಮೆಷಿನ್ ಐದು ನಿಮಿಷ ಚೆನ್ನಾಗಿ ಓಡಿ ನಿಂತು, ಕ್ಯಾಪ್ ಸಡಿಲಿಸಿದಾಗ ಗಾಳಿ ಎಳೆದ ಸದ್ದು ಬಂದು ಮತ್ತೆ ಓಡಿದರೆ ತಪ್ಪು ಟ್ಯಾಂಕ್ ವೆಂಟಿನದು.

ಟ್ಯೂನಿಂಗನ್ನು, ಕಾರ್ಬುರೇಟರ್‌ನ ಎಲ್ (ಕಡಿಮೆ ವೇಗದ್ದು), ಎಚ್ (ಪೂರ್ತಿ ವೇಗದ್ದು) ಎರಡೂ ಸ್ಕ್ರೂಗಳನ್ನು ಮೆಲ್ಲಗೆ ಮುಚ್ಚಿ ಒಂದೊಂದು ಸುತ್ತು ತೆರೆದು ಶುರು ಮಾಡಿ. ಎಂಜಿನ್ ಬಿಸಿಯಾದ ಮೇಲೆ ಮೊದಲು ಎಲ್, ಆಮೇಲೆ ಐಡಲ್, ಕೊನೆಗೆ ಎಚ್. ಪೂರ್ತಿ ಥ್ರಾಟಲ್‌ನಲ್ಲಿ ಮರ ಮುಟ್ಟದೆ ಇದ್ದಾಗ ಸದ್ದು ಒಡೆದೊಡೆದು ಬರಬೇಕು, ಮರಕ್ಕೆ ಇಳಿಸಿದೊಡನೆ ತಿಳಿಯಾಗಬೇಕು. ಗಾಳಿಯಲ್ಲೇ ಕಿರಿಚುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಚ್ ತೆರೆಯಿರಿ. ಮೆಷಿನ್ನನ್ನು ಅತ್ತಿತ್ತ ವಾಲಿಸಿದಾಗ ಐಡಲ್ ಏರಿಳಿದರೆ, ಅಥವಾ ಥ್ರಾಟಲ್ ಬಿಟ್ಟ ಮೇಲೂ ವೇಗ ಇಳಿಯಲು ಸಮಯ ತೆಗೆದುಕೊಂಡರೆ, ಸ್ಕ್ರೂ ಮುಟ್ಟಬೇಡಿ, ಮತ್ತೆ ಪ್ರೆಷರ್ ಟೆಸ್ಟ್‌ಗೆ ಹೋಗಿ. ಅಂದಿನ ಆಯಿಲ್‌ಗೆ 16:1 ಮಿಶ್ರಣ ಹೇಳುತ್ತಿದ್ದರು. ಇಂದಿನ ಒಳ್ಳೆ ಟೂ ಸ್ಟ್ರೋಕ್ ಆಯಿಲ್ ಆದರೆ 32:1 ಸಾಕು, ಲೀಟರಿಗೆ 31 ಮಿ.ಲೀ.

ಕೈ ಆಯಿಲ್ ಪಂಪ್ ಕೆಲವರಿಗೆ ರಗಳೆ, ನಮಗೆ ಇಷ್ಟ. ಓ-ರಿಂಗ್ ಬದಲಿಸಿ, ಚೆಕ್ ವಾಲ್ವ್ ತೊಳೆದರೆ ಮತ್ತೆ ಕೆಲಸಕ್ಕೆ ಸಿದ್ಧ. ಕೊಯ್ಯುವಾಗ ಮರೆಯದೆ ಒತ್ತುತ್ತಿರಬೇಕು ಅಷ್ಟೆ. ಚೈನ್ ಅಳತೆ ಬಾರ್‌ಗೂ ಸ್ಪ್ರಾಕೆಟ್‌ಗೂ ಹೊಂದಬೇಕು; 3/8 ಪಿಚ್ ಚೈನ್‌ಗೆ 7/32 ಇಂಚಿನ ಅರ, ಡೆಪ್ತ್ ಗೇಜ್ (ಪ್ರತಿ ಹಲ್ಲಿನ ಮುಂದಿನ ಗುಬುಟು) ಹಲ್ಲಿಗಿಂತ 0.025 ಇಂಚು ತಗ್ಗು.

ಕೆಲಸದ ಮೆಷಿನ್ ಆಗಿ ಇದಕ್ಕೆ ಕಡಿಮೆ ಅಂಕ. ಚೈನ್ ಬ್ರೇಕ್ ಇಲ್ಲ, ಮುಂಗೈಗೆ ಗಾರ್ಡ್ ಇಲ್ಲ, ಹಿಡಿಗೆ ಕಂಪನ ತಡೆಯುವ ರಬ್ಬರ್ ಇಲ್ಲ, ಸದ್ದು ಕಿವಿ ಮುಚ್ಚದೆ ತಾಳುವಂಥದ್ದಲ್ಲ. ಬಾರ್ ತುದಿ ಮರಕ್ಕೆ ತಾಗಿ ಮೆಷಿನ್ ಮೇಲಕ್ಕೆ ಚಿಮ್ಮಿದರೆ ತಡೆಯಲು ಯಾವುದೂ ಇಲ್ಲ. ನೆಲದ ಮೇಲೆ ಬಿದ್ದ ದಿಮ್ಮಿ ತುಂಡರಿಸಲು, 16 ಇಂಚಿನ ಬಾರ್ ಹಾಕಿ, ಹೆಲ್ಮೆಟ್, ಇಯರ್ ಮಫ್, ಚೈನ್‌ಸಾ ಪ್ಯಾಂಟ್ ತೊಟ್ಟು ಬಳಸಿ. ಮರ ಹತ್ತಿ ಕೊಂಬೆ ಕಡಿಯಲು ಬೇಡ.

ಬಿಡಿಭಾಗ ಹೊಸದಾಗಿ ಸಿಗುವುದು ಕಷ್ಟವಾಗುತ್ತಿದೆ. ಡಯಾಫ್ರಮ್, ಪೈಪ್, ಪ್ಲಗ್‌ಗೆ ತೊಂದರೆಯಿಲ್ಲ. ಪಿಸ್ಟನ್, ಸಿಲಿಂಡರ್‌ಗಳಿಗೆ ಹಳೆ ಮೆಷಿನ್‌ಗಳೇ ಗತಿ. ಇದರ ಅಣ್ಣನಂತಿರುವ 58 ಸಿಸಿಯ ಸೂಪರ್ ಎಕ್ಸ್‌ಎಲ್‌ನ ಹಲವು ಭಾಗಗಳು ಇದಕ್ಕೂ ಕೂರುತ್ತವೆ. ಕಚ್ಚಿದ ಎಂಜಿನ್ ಇರುವ ಒಂದು ಸೂಪರ್ ಎಕ್ಸ್‌ಎಲ್ ಕಡಿಮೆಗೆ ಸಿಕ್ಕರೆ, ಅದರ ಕ್ಲಚ್, ಸ್ಟಾರ್ಟರ್, ಕಾಯಿಲ್ ಸರಿಯಿವೆಯೇ ನೋಡಿಕೊಂಡು ಬಿಡದೆ ಎತ್ತಿಡಿ.