ಕಾರ್ಕ್, ಗಾಲ್ವೇ, ಬೆಲ್‌ಫಾಸ್ಟ್: ಅಮ್ಮನೊಂದಿಗೆ ಹೋಗಲು ಯಾವ ರೈಲು?

ಅಮ್ಮನ ಎರಡೂ ಮಂಡಿಗಳು ಸವೆದಿವೆ. ಕಾರಿನಲ್ಲಿ ಒಂದು ಗಂಟೆ ಕೂತರೆ ಸಾಕು, ಇಳಿಯುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಲ್ಲದೆ ಹೆಜ್ಜೆ ಎತ್ತಲಾಗುವುದಿಲ್ಲ. 2025ರ ಬೇಸಿಗೆಯಲ್ಲಿ ಅವಳು ಶಿವಮೊಗ್ಗದಿಂದ ಐರ್ಲೆಂಡಿನ ಡಬ್ಲಿನ್‌ಗೆ ಬಂದಾಗ, ಊರು ತೋರಿಸುವುದಿದ್ದರೆ ರೈಲಿನಲ್ಲೇ ಎಂದು ತೀರ್ಮಾನಿಸಿದೆ. ಎರಡು ತಿಂಗಳಲ್ಲಿ ಮೂರು ಊರು ನೋಡಿದೆವು. ಮೂರು ಸಲವೂ ಸಾಮಾನ್ಯ ದರ್ಜೆ, ವಾರದ ನಡುವಿನ ದಿನ, ಎರಡರಿಂದ ಎರಡೂವರೆ ಗಂಟೆಯ ದಾರಿ. ತಂದೆ ತಾಯಿಯನ್ನು ಕರೆಸಿಕೊಳ್ಳುವ ಕನ್ನಡದ ಕುಟುಂಬಗಳು ಇಲ್ಲಿವೆ. ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೂರೂ ರೈಲುಗಳು ಬೇರೆ ಬೇರೆ ಜಾತಿಯವು. ಕಾರ್ಕ್‌ಗೆ ಹೆಚ್ಚಾಗಿ ಓಡುವುದು ಎಂಜಿನ್ ಜೋಡಿಸಿದ ಬೋಗಿಗಳ ಸಾಲು, ಸ್ಪೇನ್‌ನ ಸಿಎಎಫ್ ಕಂಪನಿ ಕಟ್ಟಿದ ಮಾರ್ಕ್ 4, 2006ರಿಂದ ಓಡುತ್ತಿವೆ. ಗಾಲ್ವೇಗೆ ಹೋಗುವುದು ದಕ್ಷಿಣ ಕೊರಿಯಾದ ರೋಟೆಮ್ ಕಟ್ಟಿದ 22000 ಸರಣಿಯ ರೈಲು. ಅದಕ್ಕೆ ಪ್ರತ್ಯೇಕ ಎಂಜಿನ್ ಇಲ್ಲ, ಡೀಸೆಲ್ ಯಂತ್ರಗಳು ಬೋಗಿಗಳ ನೆಲದಡಿಯಲ್ಲೇ ಇವೆ. ಬೆಲ್‌ಫಾಸ್ಟ್‌ಗೆ ಹೋಗುವ ಎಂಟರ್‌ಪ್ರೈಸ್ ಎಂಬ ರೈಲಿನ ಬೋಗಿಗಳು ಡಿ ಡೀಟ್ರಿಶ್ ಎಂಬ ಫ್ರೆಂಚ್ ಕಂಪನಿಯವು, 1997ರಿಂದ ಓಡುತ್ತಿವೆ. ಇದೆಲ್ಲ ರೈಲಿನ ಹುಚ್ಚಿರುವವರ ಮಾತು ಎನ್ನಿಸಬಹುದು, ಆದರೆ ಪ್ರಯಾಣದ ಸುಖದ ಅರ್ಧ ಭಾಗ ಇಲ್ಲಿಯೇ ನಿರ್ಧಾರವಾಗುತ್ತದೆ.

ಅದನ್ನು ನನಗೆ ತೋರಿಸಿಕೊಟ್ಟದ್ದು ಅಮ್ಮನ ಚಹಾ. ಗಾಲ್ವೇ ರೈಲಿನಲ್ಲಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಮೇಜಿನ ಮೇಲಿಟ್ಟೆ. ನಿಲ್ದಾಣದಿಂದ ಹೊರಡುವಾಗಲೆಲ್ಲ ಚಹಾದ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು, ವೇಗ ಕೂಡಿದ ಮೇಲೆ ಮಾಯವಾಗುತ್ತಿದ್ದವು. ಪಾದದ ಕೆಳಗಿನ ಯಂತ್ರದ ಗುಂಯ್‌ಗುಡುವಿಕೆ ಅದು. ನನಗೆ ಏನೂ ಅನ್ನಿಸಲಿಲ್ಲ. ಅಮ್ಮ ಮಾತ್ರ "ಕಾಲಿಗೆ ತಿಳಿಯುತ್ತದೆ ಪುಟ್ಟಿ" ಎಂದು ಕೈಚೀಲವನ್ನು ಪಾದದಡಿ ಇಟ್ಟುಕೊಂಡಳು. ಕಾರ್ಕ್ ರೈಲಿನಲ್ಲಿ ಎಂಜಿನ್ ತುದಿಯಲ್ಲೆಲ್ಲೋ ಇರುವುದರಿಂದ ಬೋಗಿಯೊಳಗೆ ಮನೆಯ ಜಗುಲಿಯಷ್ಟು ನಿಶ್ಶಬ್ದ. ಚಹಾ ಕನ್ನಡಿಯಂತೆ ನಿಂತಿತ್ತು. ಹಾಗೆಂದು ತುಂಬಿ ತುಳುಕುವಷ್ಟು ಹಾಕಬೇಡಿ: ವೇಗದಲ್ಲಿ ಒಂದೆರಡು ಕಡೆ ಬೋಗಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಕುಲುಕುತ್ತದೆ, ಆಗ ಮೇಜು ಒರೆಸಬೇಕಾಗುತ್ತದೆ. ಎಂಟರ್‌ಪ್ರೈಸ್‌ನಲ್ಲಿ ಉಂಗುರವೂ ಇಲ್ಲ, ಕುಲುಕಾಟವೂ ಕಡಿಮೆ. ಹಳೆಯ ಬೋಗಿಗಳಾದರೂ ಮೈಭಾರದಿಂದ ಹದವಾಗಿ ತೂಗುತ್ತಾ ಹೋಗುತ್ತವೆ. ಬರೀ ಓಟದ ಮೃದುತನಕ್ಕೆ ಅಂಕ ಕೊಡುವುದಾದರೆ ನಾನು ಬೆಲ್‌ಫಾಸ್ಟ್ ರೈಲಿಗೇ ಕೊಡುತ್ತೇನೆ.

ಆದರೆ ಬೆಲ್‌ಫಾಸ್ಟ್‌ಗೆ ಹೊರಡುವ ಮುಂಚೆ ವೀಸಾ ನೋಡಿಕೊಳ್ಳಿ. ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ರೈಲು ನಿಲ್ಲಿಸುವುದಿಲ್ಲ, ಮೊಬೈಲಿಗೆ ಸಂದೇಶ ಬಂದಾಗಲೇ ದೇಶ ಬದಲಾದದ್ದು ತಿಳಿಯುವುದು. ಅದನ್ನು ನಂಬಿಕೊಂಡು ಐರ್ಲೆಂಡಿನ ವೀಸಾ ಮಾತ್ರ ಇರುವ ಹಿರಿಯರನ್ನು ಕರೆದುಕೊಂಡು ಹೋಗುವವರಿದ್ದಾರೆ. ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿನ ನೆಲ. ಭಾರತೀಯ ಪಾಸ್‌ಪೋರ್ಟಿನವರಿಗೆ ಬ್ರಿಟನ್ನಿನ ವೀಸಾ ಬೇಕು, ಇಲ್ಲವೇ ಐರ್ಲೆಂಡಿನ ಪ್ರವಾಸಿ ವೀಸಾದ ಮೇಲೆ ಬಿಐವಿಎಸ್ ಎಂಬ ಮುದ್ರೆ ಇರಬೇಕು. ಅಮ್ಮನ ವೀಸಾದಲ್ಲಿ ಅದಿತ್ತು. ಕಾಗದ ಸರಿಯಿದ್ದರೆ ಈ ದಾರಿ ಕಣ್ಣಿಗೆ ಹಬ್ಬ. ಹೋಗುವಾಗ ಬಲಗಡೆ ಕೂರಿ: ಮಾಲಹೈಡ್‌ನಲ್ಲಿ ಅಳಿವೆಯ ನೀರಿನ ನಡುವೆಯೇ ರೈಲು ಹಾಯುತ್ತದೆ, ದ್ರೋಹೆಡಾದಲ್ಲಿ ಬಾಯ್ನ್ ನದಿಯ ಎತ್ತರದ ಸೇತುವೆ. 2024ರಲ್ಲಿ ತೆರೆದ ಬೆಲ್‌ಫಾಸ್ಟ್‌ನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಊರಿನ ನಡುಭಾಗದಲ್ಲೇ ಇದೆ. ಮಂಡಿನೋವಿನವರಿಗೆ ಅದೇ ದೊಡ್ಡ ಉಪಕಾರ. ಅದೇ ವರ್ಷ ಈ ರೈಲುಗಳು ಗಂಟೆಗೊಂದರಂತೆ ಓಡಲು ಆರಂಭಿಸಿದವು, ಹಾಗಾಗಿ ಒಂದು ತಪ್ಪಿದರೆ ದಿನವಿಡೀ ಕೆಡುವುದಿಲ್ಲ.

ಸೇವೆಯ ವಿಷಯದಲ್ಲಿ ನನ್ನ ಮನಸ್ಸು ಗೆದ್ದದ್ದು ಗಾಲ್ವೇ ರೈಲು. ಅಂತರ್ಜಾಲದಲ್ಲಿ ಸೀಟು ಕಾಯ್ದಿರಿಸಿದರೆ ಆ ಸೀಟಿನ ಮೇಲಿನ ಪುಟ್ಟ ಫಲಕದಲ್ಲಿ ಪ್ರಯಾಣಿಕರ ಹೆಸರೇ ಮೂಡುತ್ತದೆ. ಅಮ್ಮ ಬೋಗಿಯೊಳಗೆ ಕಾಲಿಟ್ಟವಳು ತನ್ನ ಹೆಸರು ಬೆಳಗುತ್ತಿರುವುದನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ನಮ್ಮಲ್ಲಿ ಬೋಗಿಯ ಬಾಗಿಲಿಗೆ ಅಂಟಿಸುತ್ತಿದ್ದ ಪಟ್ಟಿಯಲ್ಲಿ ಹೆಸರು ಹುಡುಕಿದ ತಲೆಮಾರು ಅವಳದು. ಇಲ್ಲಿ ಹೆಸರೇ ಅವಳಿಗಾಗಿ ಕಾದಿತ್ತು. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಲ್ಲಿ ಸಿಬ್ಬಂದಿಯೊಬ್ಬರು ಗಾಲಿಕುರ್ಚಿಯವರಿಗೆ ಇಡುವ ಇಳಿಜಾರು ಹಲಗೆಯನ್ನು ನಾವು ಕೇಳುವ ಮೊದಲೇ ತಂದು ಹಾಕಿ, ಅಮ್ಮನ ಮೊಣಕೈ ಹಿಡಿದು ಹತ್ತಿಸಿದರು. ಅವಸರ ತೋರಿಸಲಿಲ್ಲ. ಆ ಒಂದು ಕ್ಷಣಕ್ಕೆ ನಾನು ಇಂದಿಗೂ ಕೃತಜ್ಞಳು.

ಈ ಮಾರ್ಗ ಪೋರ್ಟಾರ್ಲಿಂಗ್‌ಟನ್ ದಾಟಿದ ಮೇಲೆ ಒಂಟಿ ಹಳಿ. ಎದುರಿನ ರೈಲಿಗಾಗಿ ಒಂದು ನಿಲ್ದಾಣದಲ್ಲಿ ಕಾದು ನಿಂತಾಗ ಅಮ್ಮ ಕಿಟಕಿಯಿಂದ ಕಣ್ಣು ತೆಗೆಯದೆ "ಕ್ರಾಸಿಂಗ್ ಇರಬೇಕು" ಎಂದಳು. ತಾಳಗುಪ್ಪದ ಕಡೆ ಓಡಾಡಿದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಮೊದಲು ಐರಿಷ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆದ ಊರಿನ ಫಲಕಗಳೂ ಅವಳಿಗೆ ಬಹಳ ಇಷ್ಟವಾದವು. ಮುಂದಿನ ನಿಲ್ದಾಣದ ಹೆಸರನ್ನು ಎರಡು ಭಾಷೆಯಲ್ಲಿ ಕೂಗುವಾಗ ಐರಿಷ್ ಹೆಸರನ್ನು ಮೆಲ್ಲಗೆ ತಾನೂ ಹೇಳಿ ನೋಡುತ್ತಿದ್ದಳು.

ಎಲ್ಲ ಪ್ರಯಾಣಗಳೂ ಹೀಗಿರಲಿಲ್ಲ. ಹಿಂದೊಮ್ಮೆ, ಈ ಮೂರೂ ಅಲ್ಲದ ಬೇರೊಂದು ಪ್ರಯಾಣದಲ್ಲಿ, ಶುಕ್ರವಾರ ಸಂಜೆಯ ರೈಲು ಹತ್ತಿ ಮುಕ್ಕಾಲು ಗಂಟೆ ಬಾಗಿಲ ಬಳಿ ನಿಂತೇ ಬಂದಿದ್ದೆ. ಇದ್ದ ಒಂದು ಶೌಚಾಲಯಕ್ಕೂ ಬೀಗ. ವಯಸ್ಸಾದವರು ಜೊತೆಗಿದ್ದರೆ ಶುಕ್ರವಾರ ಮತ್ತು ಭಾನುವಾರದ ಸಂಜೆಗಳನ್ನು ದಯವಿಟ್ಟು ಬಿಟ್ಟುಬಿಡಿ. ಸೀಟು ಕಾಯ್ದಿರಿಸದೆ ಹೊರಡಲೇಬೇಡಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳಿಗೆ ಬುತ್ತಿಯೇ ಗತಿ, ಅದನ್ನು ಮೇಜಿನ ಮೇಲೆ ಬಿಚ್ಚಿ ತಿಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಾವು ಚಪಾತಿ, ಚಟ್ನಿಪುಡಿ, ಮೊಸರು ಒಯ್ದಿದ್ದೆವು. ಕಾರ್ಕ್ ರೈಲಿನಲ್ಲಿ ತಿಂಡಿಯ ತಳ್ಳುಗಾಡಿ ಬಂತು. ಎದುರು ಸೀಟಿನ ಅಜ್ಜಿ ಅಮ್ಮನಿಗೊಂದು ಚಹಾ ಕೊಡಿಸಿದರು. 66 ತುಂಬಿದ ಇಲ್ಲಿನ ನಿವಾಸಿಗಳಿಗೆ ರೈಲು ಉಚಿತ, ಅದಕ್ಕೇ ತಿಂಗಳಿಗೊಮ್ಮೆ ತಂಗಿಯನ್ನು ನೋಡಲು ಹೋಗುತ್ತಾರಂತೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರ ಕಾರ್ಕ್ ಉಚ್ಚಾರಣೆ ನನಗೇ ಕಷ್ಟ. ಆದರೂ ಇಬ್ಬರೂ ತಮ್ಮ ತಮ್ಮ ಮಂಡಿ ಮುಟ್ಟಿ ತೋರಿಸಿಕೊಂಡು ಅರ್ಧ ದಾರಿ ಮಾತಾಡಿದರು. ಗುಂಯ್‌ಗುಡುವ ಬೋಗಿಯಾಗಿದ್ದರೆ ಆ ಮಾತು ನಡೆಯುತ್ತಿರಲಿಲ್ಲವೇನೋ.

ನನ್ನ ಆಯ್ಕೆ ಕಾರ್ಕ್. ಓಟದ ನಯದಲ್ಲಿ ಬೆಲ್‌ಫಾಸ್ಟ್‌ಗಿಂತ ಒಂದು ಕೈ ಕಡಿಮೆ, ಆದರೆ ಎರಡೂವರೆ ಗಂಟೆಯ ದಾರಿಯಲ್ಲಿ ಅಮ್ಮ ಮೂರು ಸಲ ಎದ್ದು ಬೋಗಿಯ ಉದ್ದಕ್ಕೂ ನಡೆದಳು, ಸೀಟುಗಳ ಹಿಡಿಕೆ ಹಿಡಿದು, ಯಾರ ಆಸರೆಯೂ ಇಲ್ಲದೆ. ಇಳಿಯುವ ಮುಂಚೆ ಒಂದು ಕಿಲೋಮೀಟರಿಗೂ ಉದ್ದದ ಸುರಂಗ ಬರುತ್ತದೆ, ಅದು ಮುಗಿದ ಕೂಡಲೇ ಕೆಂಟ್ ನಿಲ್ದಾಣ. ಕತ್ತಲಾದಾಗ ಎದ್ದು ನಿಲ್ಲದೆ ರೈಲು ನಿಂತ ಮೇಲೆ ಏಳುವಂತೆ ಹಿರಿಯರಿಗೆ ಮೊದಲೇ ಹೇಳಿಡಿ. ಅಮ್ಮನ ಆಯ್ಕೆ ಗಾಲ್ವೇ, ಆ ಫಲಕದ ಹೆಸರಿಗಾಗಿ. ಅವಳು ಹಿಂದಿರುಗುವ ಮುನ್ನ ಒಂದು ಬುಧವಾರ ಉಳಿದಿತ್ತು. ಟಿಕೆಟ್ ತೆಗೆಯುವಾಗ ನನ್ನ ಹೆಸರು ಬಿಟ್ಟು ಎರಡೂ ಸೀಟಿಗೆ ಅವಳ ಹೆಸರನ್ನೇ ಹಾಕಿದೆ, ಗಾಲ್ವೇಗೆ.